ಗಂಟು, ಗಂಟೆ

ಎಂಟಕ್ಕೆ ವಾಂತಿ ತಡೆಯುವ ಮಾತ್ರೆ.
ಎಂಟೂವರೆಗೆ, ಖಾಲಿ ಹೊಟ್ಟೆಗೆ, ಆ ಗುಳಿಗೆಗಳು.
ಬರಿಗೈಲಿ ಮುಟ್ಟಬೇಡಿ ಅಂದಿದ್ದಾಳೆ ನರ್ಸ್ ಇಂಗೆಬೋರ್.
ಮೀನು ಸೀಳುವ ಕೈಗವಸು ಆದೀತೇ ಅಂತ ಕೇಳಿದೆ,
ನಗಲಿಲ್ಲ.
ಒಂಬತ್ತೂವರೆಗೆ ನೆಲಮಾಳಿಗೆಯಲ್ಲಿ ಕಿರಣ.
ನಡುವೆ ಒಂದು ಗಂಟೆ.

ಆ ಗಂಟೆ ನಮ್ಮಿಬ್ಬರದು.
ಅಣ್ಣ ಐಲಿಫ್, ನಾನು,
ಹನ್ನೊಂದು ವರ್ಷ ಮಾತು ಬಿಟ್ಟವರು,
ಟ್ರೊಮ್ಸೋ ಆಸ್ಪತ್ರೆಯ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತೇವೆ.
ಬೆಳಗಿನ ಒಂಬತ್ತಕ್ಕೂ ಹೊರಗೆ ನಕ್ಷತ್ರ.
ನವೆಂಬರ್ ಕೊನೆಗೆ ಹೋದ ಸೂರ್ಯ
ಜನವರಿ ತನಕ ಈ ಬೆಟ್ಟ ಹತ್ತುವುದಿಲ್ಲ.
ಅದಕ್ಕೇನೂ ಅರ್ಥ ಕಟ್ಟಬೇಡಿ.
ಪ್ರತಿ ವರ್ಷವೂ ಹೀಗೇ.

ಡಾಕ್ಟರ್ ಕ್ವಾಮೆ ಕಾಗದದ ಮೇಲೆ ಗೀಚಿ ತೋರಿಸಿದ್ದಳು:
ಕಿರಣ ಹೋಗಿ ಗಡ್ಡೆಯ ಒಳದಾರ ಹರಿಯುತ್ತದೆ.
ಹರಿದದ್ದನ್ನು ಅದು ರಾತ್ರಿಯೆಲ್ಲ ಕೂತು ಹೊಲಿದುಕೊಳ್ಳುತ್ತದೆ.
ಮದ್ದು ಮುಂಚೆಯೇ ಹೋಗಿ ದಾರ ಕೆಡಿಸಿ ಕಾದಿದ್ದರೆ
ಹೊಲಿಗೆ ನಿಲ್ಲದು.
ಒಬ್ಬರೇ ಹೋದರೆ ಸಾಲದು,
ಇಬ್ಬರೂ ಹೋಗಬೇಕು, ಒಬ್ಬರು ತುಸು ಮುಂಚೆ.

ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಸೀಲ್ ನುಗ್ಗಿ ಹರಿದ ಬಲೆಯ ಕಣ್ಣುಗಳನ್ನು
ಒಂದೇ ಸಂಜೆಗೆ ಮುಚ್ಚಿ ಏಳುವವನು ನಾನು.
ದಾರ ಲಡ್ಡಾಗಿದ್ದರೆ
ಎಂಥ ಪಳಗಿದ ಕೈಯಲ್ಲೂ ಗಂಟು ಜಾರುತ್ತದೆ.
ಹುಟ್ಟಿದ ಮೇಲೆ ಮೊದಲ ಸಲ ಬೇಡಿಕೊಂಡೆ,
ಯಾರದೋ ಬಲೆ ಹರಿದೇ ಇರಲಿ ಅಂತ.

ಮುಖವಾಡವೂ ಬಲೆಯೇ.
ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿ
ಮುಖಕ್ಕೆ ಒತ್ತಿ, ಆರಿಸಿ, ಮೇಜಿಗೆ ಬಿಗಿಯುತ್ತಾರೆ.
ಹೊರಬಂದಾಗ ಹಣೆಯ ಮೇಲೆ ಚೌಕ ಚೌಕ.
'ಒಳ್ಳೆ ಹೆಣಿಗೆ' ಅಂದ ಅಣ್ಣ, ಗೋಡೆಗೆ.
ನಾನು ಹೂಂಗುಟ್ಟಿದೆ, ನಾನೂ ಗೋಡೆಗೇ.

ಶನಿವಾರ ಭಾನುವಾರ ಯಂತ್ರಕ್ಕೆ ರಜೆ,
ಗುಳಿಗೆಗಿಲ್ಲ.
ಸೋಮವಾರ ರಕ್ತ ತೆಗೆದು ಎಣಿಸುತ್ತಾರೆ.
ಕಿವಿಯ ಮೇಲಿನ ಕೂದಲು
ದಿಂಬಿನ ಜೊತೆ ಎದ್ದು ಬಂತು, ಅಂಗೈಯಗಲ.

ಹನ್ನೆರಡನೇ ದಿನ ಲ್ಯಾಬಿನ ವರದಿ:
ಇವನ ಗಡ್ಡೆಯೊಳಗಿನ ದುರಸ್ತಿಗಾರ ಎಚ್ಚರವಾಗಿದ್ದಾನೆ.
ಮಲಗಿದ್ದರೆ ಮದ್ದಿಗೆ ಸಲೀಸಿತ್ತು.
ಹಾಗಾದರೆ ನಿಲ್ಲಿಸುವುದಾ?
ಇಲ್ಲ, ಕೊಡೋಣ.
ಎಷ್ಟು ತಿಂಗಳು ಹೆಚ್ಚು ಸಿಕ್ಕೀತು?
ಆಕೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.

ಆ ರಾತ್ರಿ ರೋಗಿಗಳ ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ.
ಪಕ್ಕದ ಮಂಚದಲ್ಲಿ ಅಣ್ಣನ ಗೊರಕೆ.
ಅವನ ತಲೆಯೊಳಗೆ ಯಾರೋ ದೀಪ ಹಚ್ಚಿಕೊಂಡು
ಅಚ್ಚುಕಟ್ಟಾಗಿ, ನನ್ನ ಹಾಗೇ,
ನಾಲಿಗೆಯಲ್ಲಿ ದಾರ ಒದ್ದೆ ಮಾಡುತ್ತ ಕೂತಿದ್ದಾನೆ.
ಕೈ ಕಡಿಯಬೇಕು ಅನ್ನಿಸಿತು.
ಯಾರ ಕೈ ಅಂತ ಗೊತ್ತಾಗಲಿಲ್ಲ.

ಮೂರನೇ ವಾರ ಕಳೆದ ಮೇಲೆ ಮಾತು ಸಡಿಲವಾಯಿತು.
ಚಮಚಕ್ಕೆ ಹುಟ್ಟು ಅಂದ. ನೀರಿಗೆ ಅದು ಅಂದ.
ಇನ್ನೆಷ್ಟು ಗಂಟೆ ಅಂತ ಕೇಳಲು ಹೋಗಿ
'ಇನ್ನೆಷ್ಟು ಗಂಟು?'
ಊತ, ಕಿರಣದ್ದೂ ಇರಬಹುದು, ಗಡ್ಡೆಯದ್ದೂ ಇರಬಹುದು,
ಈಗಲೇ ಹೇಳಲಾಗದು ಅಂದರು.
ಸ್ಟೀರಾಯ್ಡ್ ಏರಿಸಿದರು. ಮುಖ ದುಂಡಗಾಯಿತು,
ಮುಖವಾಡ ಬಿಗಿಯಾಯಿತು.

ಇಪ್ಪತ್ತಾರನೇ ಬೆಳಿಗ್ಗೆ, ಗುಳಿಗೆ ನುಂಗಿ,
ಲೋಟ ನನ್ನ ಕೈಗೆ ಕೊಟ್ಟು,
ಒಂದಕ್ಷರವೂ ತೊದಲದೆ ಅಂದ:
'ಟೆರ್ನಾ.'

ನಮ್ಮ ದೋಣಿ.
ಅಪ್ಪನ ಹಣದಲ್ಲಿ ಇಬ್ಬರೂ ಸೇರಿ ಕಟ್ಟಿಸಿದ್ದು.
ಅವನು ಸಮುದ್ರದಲ್ಲಿದ್ದ ಚಳಿಗಾಲದಲ್ಲಿ
ನಾನೊಬ್ಬನೇ ಸಹಿ ಹಾಕಿ ಮಾರಿದ್ದು.

'ಎಷ್ಟಕ್ಕೆ ಕೊಟ್ಟೆ?'

ಹನ್ನೊಂದು ವರ್ಷ ಯಾರಿಗೂ ಹೇಳದ ಮೊತ್ತ ಹೇಳಿದೆ.
ಗಡಿಯಾರ ನೋಡಿದೆ. ಎಂಟು ಐವತ್ತು.
ಈ ಹೊತ್ತಿಗೆ ಮದ್ದು ರಕ್ತದಲ್ಲಿ ಮೇಲೇರುತ್ತಿರಬೇಕು.

ಅವನು ಯೋಚಿಸಿದ.
ಬಹಳ ಹೊತ್ತು ಯೋಚಿಸಿದ,
ಪದ ಹುಡುಕುತ್ತಿದ್ದನೋ, ಲೆಕ್ಕ ಹಾಕುತ್ತಿದ್ದನೋ.

'ಕಮ್ಮಿಯಾಯ್ತು' ಅಂದ.

ಹೌದು ಅಂದೆ.
ಅಷ್ಟರಲ್ಲಿ ಕೆಳಗಿನಿಂದ ಕರೆ ಬಂತು,
ಯಾರದೋ ಸರದಿ ತಪ್ಪಿದೆಯಂತೆ, ಬೇಗ ಬರಬೇಕಂತೆ.
ಬೇಡ, ಅಂದೆ ನಾನು,
ನಮಗಿನ್ನೂ ನಲವತ್ತು ನಿಮಿಷ ಇದೆ.